ಬೆನ್ನುಮೂಳೆಗೂ ಸಿಮೆಂಟು!

ಸಿಮೆಂಟು ಎಂದೊಡನೆ ಮನೆ, ಸೇತುವೆ, ಅಣೆಕಟ್ಟು ನೆನಪಾಗುತ್ತವೆ. ಮುರಿದ ಬೆನ್ನುಮೂಳೆಗೂ ಸಿಮೆಂಟು ತುಂಬುತ್ತಾರೆಂಬುದು ನಿಮಗೆ ಗೊತ್ತೇ?

ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ, ಮೂಳೆಗಳು ಒಳಗೊಳಗೇ ಟೊಳ್ಳಾಗುತ್ತವೆ. ಇದೇ ಆಸ್ಟಿಯೋಪೊರೋಸಿಸ್. ಆಗ ಒಂದು ಕೊಡ ನೀರು ಎತ್ತಿದರೂ ಬೆನ್ನಿನ ಮಣಿಯೊಂದು ಕುಸಿದು ಚಪ್ಪಟೆಯಾಗಬಹುದು. ಎಷ್ಟೋ ಅಜ್ಜಿಯರ ಬೆನ್ನು ಬಾಗಲು ಇದೇ ಕಾರಣ.

1984ರಲ್ಲಿ ಫ್ರಾನ್ಸಿನ ಅಮಿಯಾನ್ ನಗರದ ವೈದ್ಯರಾದ ಗಾಲಿಬೇರ್ ಮತ್ತು ದೆರಾಮೊಂ, ರಕ್ತನಾಳಗಳ ಗಂಟಿನಿಂದ ಶಿಥಿಲವಾಗಿದ್ದ ಕತ್ತಿನ ಮಣಿಯೊಂದಕ್ಕೆ ಸೂಜಿಯ ಮೂಲಕ ಸಿಮೆಂಟು ತುಂಬಿದರು. ಈ ವಿಧಾನವೇ ವರ್ಟಿಬ್ರೋಪ್ಲಾಸ್ಟಿ. ಮುಂದೆ ಇದು ಟೊಳ್ಳು ಮೂಳೆಯ ಮುರಿತಕ್ಕೂ ಬಳಕೆಗೆ ಬಂತು.

ಇದು ಕಟ್ಟಡದ ಸಿಮೆಂಟಲ್ಲ. ಅಕ್ರಿಲಿಕ್ ಗಾಜಿನ ಜಾತಿಯ ಪಾಲಿಮರ್. ಪುಡಿಗೆ ದ್ರವ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ಗಟ್ಟಿಯಾಗುತ್ತದೆ. ಪಠ್ಯದಲ್ಲಿ ಓದುವ ಬಹಿರುಷ್ಣಕ ಕ್ರಿಯೆಗೆ ಇದೊಂದು ಉದಾಹರಣೆ.

ತೊಡಕು ಇರುವುದೂ ಇಲ್ಲೇ. ಕಲಸಿದ್ದು ನೀರಾದರೆ ಸೆಂಟ್ರಿಂಗ್ ಹಲಗೆಯ ಸಂದಿಯಿಂದ ಸಿಮೆಂಟಿನ ಹಾಲು ಸೋರುವುದಿಲ್ಲವೇ? ಹಾಗೆಯೇ ತೆಳುವಾದ ಸಿಮೆಂಟು ಮಣಿಯ ಬಿರುಕಿನಿಂದ ಸೋರಬಹುದು. ಬಹುಪಾಲು ಸೋರಿಕೆಗಳಿಂದ ಏನೂ ತೊಂದರೆಯಾಗದು. ಆದರೆ ಅಪರೂಪಕ್ಕೆ ಅದು ಬೆನ್ನುಹುರಿಯನ್ನೋ ನರವನ್ನೋ ಒತ್ತುತ್ತದೆ. ಅಭಿಧಮನಿಗೆ ಸೇರಿದರೆ ಶ್ವಾಸಕೋಶವನ್ನೂ ತಲಪುತ್ತದೆ. ಮೊದಲು ಬಲೂನು ಉಬ್ಬಿಸಿ ಜಾಗ ಮಾಡಿ, ಗಟ್ಟಿ ಸಿಮೆಂಟು ತುಂಬುವ ಕೈಫೋಪ್ಲಾಸ್ಟಿಯಲ್ಲಿ ಸೋರಿಕೆ ಕಡಿಮೆ. ಅನಂತರ ಪಕ್ಕದ ಮಣಿ ಮುರಿಯುವುದೂ ಉಂಟು. ಅದು ಸಿಮೆಂಟಿನ ಗಡಸುತನದಿಂದಲೋ ಮೂಲ ರೋಗದಿಂದಲೋ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಇಷ್ಟಕ್ಕೂ ಲಾಭವೆಷ್ಟು? 2009ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ಕೆಲವರಿಗೆ ಸಿಮೆಂಟು ತುಂಬಿದರು, ಉಳಿದವರಿಗೆ ತುಂಬಿದಂತೆ ನಟಿಸಿದರು. ಎರಡೂ ಗುಂಪಿನವರ ನೋವು ಹೆಚ್ಚುಕಡಿಮೆ ಒಂದೇ ರೀತಿ ಇಳಿಯಿತು! ಆದರೆ ಮುರಿದು ಆರು ವಾರದೊಳಗಿನ, ತೀವ್ರ ನೋವಿನ ರೋಗಿಗಳಿಗೆ ಪ್ರಯೋಜನವಿದೆಯೆಂದು 2016ರಲ್ಲಿ ಆಸ್ಟ್ರೇಲಿಯದ ಅಧ್ಯಯನವೊಂದು ತೋರಿಸಿತು.

ಆದ್ದರಿಂದ ಮನೆಯವರು ವೈದ್ಯರನ್ನು ಕೇಳಬೇಕಾದುದು ಇಷ್ಟು: ಮುರಿತ ಹೊಸದೇ? ವಿಶ್ರಾಂತಿ, ಔಷಧಿಯಿಂದ ನೋವು ಇಳಿಯುವುದೇ? ಸೋರಿದರೆ ಏನು ವ್ಯವಸ್ಥೆ? ಸಿಮೆಂಟು ಹಾಕಿಸಿದ ಮೇಲೆ ಉಸಿರು ಕಟ್ಟಿದರೆ, ಕಾಲು ಜೋಮು ಹಿಡಿದು ಸೋತರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಸಿಮೆಂಟು ಒಂದು ಮಣಿಯನ್ನು ನಿಲ್ಲಿಸೀತು, ರೋಗವನ್ನಲ್ಲ. ಟೊಳ್ಳಾದ ಮೂಳೆಗೆ ಬೇರೆಯೇ ಚಿಕಿತ್ಸೆ ಬೇಕು. ಮೂಳೆ ಬಲಿಯುವ ಕಾಲ ಬಾಲ್ಯ ಮತ್ತು ಹರೆಯ. ದೊಡ್ಡಬಳ್ಳಾಪುರ, ನೆಲಮಂಗಲದ ಹೊಲಗಳ ರಾಗಿಯಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಮುದ್ದೆ ಬೇಡವೆಂದು ಮುಖ ತಿರುಗಿಸುವ ಮಕ್ಕಳು ಇದನ್ನು ನೆನಪಿಡಲಿ; ಬಿಸಿಲಿನಲ್ಲಿ ಆಡಲಿ. ಇಂದಿನ ಮೂಳೆಯೇ ನಾಳೆಯ ಬೆನ್ನಿಗೆ ಆಧಾರ.