ಮರ್ಜಾನಳನ್ನು ಯಾರಾದರೂ ಕೇಳಿದರೇ?

ಈದ್ ರಜೆಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಅವಳ ಕಿರಿಯ ಮಗಳಿಗೆ ಕಥೆ ಕೇಳದೆ ನಿದ್ದೆ ಬಾರದು. ಆ ರಾತ್ರಿ ಅಲಿಬಾಬಾನ ಕಥೆ ಹೇಳಿದೆ. ಕಳ್ಳರು ಬಾಗಿಲಿಗೆ ಹಾಕಿದ ಗುರುತನ್ನು ಕಂಡು ಮನೆಗೆಲಸದ ಮರ್ಜಾನ ಅಕ್ಕಪಕ್ಕದ ಬಾಗಿಲುಗಳಿಗೂ ಅದೇ ಗುರುತು ಹಾಕಿದ್ದು, ಎಣ್ಣೆಯ ಜಾಡಿಗಳಲ್ಲಿ ಅಡಗಿದ್ದವರನ್ನು ಪತ್ತೆ ಹಚ್ಚಿದ್ದು, ಅತಿಥಿಯ ವೇಷದಲ್ಲಿ ಬಂದ ನಾಯಕನನ್ನು ಗುರುತಿಸಿ ಮುಗಿಸಿದ್ದು ಎಲ್ಲವನ್ನೂ ಹೇಳಿ, "ಅಲಿಬಾಬಾ ಮೆಚ್ಚಿ ಅವಳನ್ನು ತನ್ನ ಮಗನಿಗೆ ಮದುವೆ ಮಾಡಿಸಿದ" ಎಂದು ಮುಗಿಸಿದೆ.

"ಖಾಲಾ, ಮರ್ಜಾನಳನ್ನು ಕೇಳಿದರಾ?"

"ಏನಂತ?"

"ಅವಳಿಗೆ ಇಷ್ಟ ಇದೆಯಾ ಅಂತ."

ಪಕ್ಕದ ಕೋಣೆಯಲ್ಲಿ ಹಿರಿಯ ಮಗಳಿಗೆ ಬಂದಿದ್ದ ಸಂಬಂಧದ ಮಾತುಕತೆ ನಡೆದಿತ್ತು. ಆಕೆ ನಮ್ಮ ಬಳಿಯೇ ಕುಳಿತು ಬಟ್ಟೆ ಮಡಚುತ್ತಿದ್ದಳು. ಅವಳ ಕೈ ಒಂದು ಕ್ಷಣ ನಿಂತಿತು. ನನಗೆ ಉತ್ತರ ಹೊಳೆಯಲಿಲ್ಲ.

"ಬರೆಯುವ ಆಸೆಯಿದೆ, ಆದರೆ ಕಥಾವಸ್ತು ಸಿಗುವುದಿಲ್ಲ" ಎನ್ನುವ ಸಹೋದರಿಯರು ನಮ್ಮಲ್ಲಿ ಬಹಳ. ಈ ಮಗುವಿನ ಪ್ರಶ್ನೆಯೇ ಒಂದು ಕಥಾವಸ್ತುವಲ್ಲವೇ?

ಹಳೆಯ ಕಥೆಯನ್ನು ಬದಲಿಸಬಹುದೇ ಎಂಬ ಅಳುಕು ಬೇಡ. ಅಲಿಬಾಬಾನ ಕಥೆ 'ಸಾವಿರದ ಒಂದು ರಾತ್ರಿಗಳು' ಗ್ರಂಥದ ಹಳೆಯ ಅರಬಿ ಹಸ್ತಪ್ರತಿಗಳಲ್ಲಿ ಇರಲೇ ಇಲ್ಲ. ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬ ಯುವಕ 1709ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಆಂತ್ವಾನ್ ಗಲಾಂಗೆ ಬಾಯಲ್ಲಿ ಹೇಳಿದ. ಗಲಾಂ ಅದನ್ನು ಬೆಳೆಸಿ ತನ್ನ ಫ್ರೆಂಚ್ ಅನುವಾದಕ್ಕೆ ಸೇರಿಸಿದ. ಹೇಳುವವರ ಬಾಯಲ್ಲಿ ಬದಲಾಗುತ್ತಲೇ ಕಥೆಗಳು ನಮ್ಮವರೆಗೆ ಬಂದಿವೆ.

ಆದರೆ ಗುಹೆಯ ಬದಲು ಬ್ಯಾಂಕ್ ಲಾಕರ್, ಕತ್ತೆಯ ಬದಲು ಲಾರಿ ತಂದ ಮಾತ್ರಕ್ಕೆ ಕಥೆ ಹೊಸದಾಗದು. ಅದು ಹಳೆಯ ದೇಹಕ್ಕೆ ಹೊಸ ಅಂಗಿ ಅಷ್ಟೆ. ಕಥೆಯನ್ನು ಯಾರ ಕಣ್ಣಿನಿಂದ ನೋಡುತ್ತೀರಿ ಎಂಬುದನ್ನು ಬದಲಿಸಿ. ಅಲಿಬಾಬಾನನ್ನು ಬದಿಗಿಟ್ಟು ಅಡುಗೆಮನೆಯಲ್ಲಿ ನಿಂತು ನೋಡಿ. ನಲ್ವತ್ತು ಕಳ್ಳರೂ ಬೇಡ, ಒಂದೇ ರಾತ್ರಿ ಸಾಕು. ಮದುವೆಯ ಮಾತು ಆಡಿದ ರಾತ್ರಿ ಮರ್ಜಾನ ಒಲೆಯ ಮುಂದೆ ಕುಳಿತಿದ್ದಾಳೆ. ಮನೆಯನ್ನು ಉಳಿಸಿದವಳು ಅವಳು. ಬಹುಮಾನ ಯಾವುದೆಂದು ನಿರ್ಧರಿಸಿದವರು ಬೇರೆಯವರು. ಅವಳು ಒಪ್ಪಲೂಬಹುದು, ಒಪ್ಪದಿರಲೂಬಹುದು. ಉಪದೇಶವನ್ನು ಅವಳ ಬಾಯಿಗೆ ತುರುಕಬೇಡಿ. ಅವಳ ಕೈ ಏನು ಮಾಡುತ್ತಿದೆ ಎಂದು ಬರೆಯಿರಿ.

ಈ ಪ್ರಶ್ನೆ ಹೊಸ ಕಾಲದ್ದೆಂದು ಯಾರಾದರೂ ಹುಬ್ಬೇರಿಸಿದರೆ ಖನ್ಸಾ ಬಿಂತ್ ಖಿದಾಮ್(ರ)ರನ್ನು ನೆನಪಿಸಿ. ತಂದೆ ತನಗೆ ಇಷ್ಟವಿಲ್ಲದ ಮದುವೆ ಮಾಡಿದರೆಂದು ಆಕೆ ಪ್ರವಾದಿ(ಸ)ರ ಬಳಿ ಬಂದಾಗ, ಅವರು ಆ ಮದುವೆಯನ್ನೇ ರದ್ದುಗೊಳಿಸಿದರು. ಹೆಣ್ಣನ್ನು ಕೇಳಬೇಕೆಂಬುದು ನಮ್ಮ ದೀನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಕಲಿಸಿದ ಮಾತು. ಮರೆತವರು ನಾವು.

ಮನೆಯೊಳಗಿನ ಇಂಥ ಪ್ರಶ್ನೆಗಳಿಂದಲೇ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದರು. ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದವು. ಅವರ ಕಥೆಗಳಲ್ಲೂ ಇರುವುದು ನಮ್ಮ ಅಂಗಳ, ನಮ್ಮ ಅಡುಗೆಮನೆ.

ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ತಂಗಿಗೆ ಚಿಕ್ಕವಳ ಪ್ರಶ್ನೆ ಹೇಳಿದೆ. ಮೊದಲು ನಕ್ಕಳು. ಆಮೇಲೆ ಸುಮ್ಮನಾದಳು. ಅಸರ್ ನಮಾಝಿನ ಬಳಿಕ ಹಿರಿಯ ಮಗಳನ್ನು ಕರೆದು ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ.

ಸಹೋದರಿಯರೇ, ನಿಮ್ಮ ಅಜ್ಜಿ ಹೇಳಿದ ಕಥೆಗಳಲ್ಲೂ ಯಾರೂ ಕೇಳದೆ ಬಿಟ್ಟ ಒಬ್ಬಳು ಇದ್ದೇ ಇರುತ್ತಾಳೆ. ಇಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಎರಡು ಪುಟ ಅವಳಿಗಾಗಿ ಬರೆಯಿರಿ.