ಪೆಟ್ಟಿಗೆಯ ಮೇಲಿನ 525

ಹೋದ ಭಾನುವಾರ ಮಾಟುಂಗಾದಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಡೊಂಬಿವಲಿ ಲೋಕಲ್ ಹತ್ತಿದ್ದೆ. ಜೊತೆಗಿದ್ದ ನಮ್ಮೂರ ಕಡೆಯ ಗೆಳೆಯರೊಬ್ಬರು ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. "ಮೊಮ್ಮಗಳ ಹುಟ್ಟುಹಬ್ಬಕ್ಕೆ ಟೆಲಿಸ್ಕೋಪ್ ಕೊಡಿಸುವ ಅಂತಿದ್ದೇನೆ ಮಾರಾಯ್ರೆ. ಇದು ನೋಡಿ, 525 ಪಟ್ಟು ದೊಡ್ಡದಾಗಿ ತೋರಿಸ್ತದಂತೆ. ತಗೊಳ್ಳಲಾ?"

"ಬೇಡ" ಅಂದೆ. ಎದುರು ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಅಂದಿರಬೇಕು. ಅಷ್ಟರಲ್ಲಿ ಘಾಟ್ಕೋಪರ್ ಬಂತು, ಜನ ನುಗ್ಗಿದರು, ಮಾತು ಅಲ್ಲಿಗೇ ನಿಂತಿತು. ಅವರಿಗೆ ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ 525 ನನಗೆ ಹಳೇ ಪರಿಚಯ. 1997ರಲ್ಲಿ ಹೇಲ್-ಬಾಪ್ ಧೂಮಕೇತು ಬಂದಿತ್ತಲ್ಲ, ಆಗ ನನ್ನ ಮಗನಿಗೆ ಹತ್ತು ವರ್ಷ. ಪೇಪರಿನಲ್ಲಿ ಫೋಟೋ ನೋಡಿ ಹಠ ಹಿಡಿದಿದ್ದ. ಪೆಟ್ಟಿಗೆಯ ಮೇಲೆ ಶನಿಯ ಬಣ್ಣದ ಚಿತ್ರ, ಅದರ ಪಕ್ಕ ದಪ್ಪ ಅಕ್ಷರದಲ್ಲಿ 525. ತಿಂಗಳ ಸಂಬಳದಲ್ಲಿ ದೊಡ್ಡ ಪಾಲು ಕೊಟ್ಟು ತಂದೆ. ಸೊಸೈಟಿ ಸೆಕ್ರೆಟರಿಯ ಹತ್ತಿರ ಕಾಡಿ ಬೇಡಿ ಟೆರೇಸಿನ ಕೀಲಿಕೈ ಇಸ್ಕೊಂಡು ಅಪ್ಪ ಮಗ ಇಬ್ಬರೂ ಮೇಲೆ ಹೋದೆವು.

ಏನೂ ಕಾಣಲಿಲ್ಲ. ಮುಟ್ಟಿದರೆ ನಡುಗುವ ಸ್ಟ್ಯಾಂಡು. ಗಾಳಿ ಬೀಸಿದರೂ ನಡುಗುತ್ತಿತ್ತು. ಮಗ "ಅಪ್ಪಾ, ಬರೀ ಕಪ್ಪು" ಅಂದ. ನಾನು "ಸರಿಯಾಗಿ ನೋಡೋ, ಇಷ್ಟು ದುಡ್ಡು ಕೊಟ್ಟು ತಂದದ್ದು" ಅಂತ ಗದರಿದೆ. ಮೂರನೇ ದಿನ ಅವನು "ಹಾಂ, ಕಾಣಿಸ್ತು" ಅಂದ. ಕಾಣಿಸಿರಲಿಲ್ಲ ಅಂತ ನನಗೂ ಗೊತ್ತಿತ್ತು, ಯಾಕೆಂದರೆ ನನಗೂ ಕಾಣಿಸಿರಲಿಲ್ಲ. ತಮಾಷೆ ಅಂದರೆ ಆ ಧೂಮಕೇತು ವಾಯವ್ಯದ ಆಕಾಶದಲ್ಲಿ ಬರಿಗಣ್ಣಿಗೇ ಬಾಲದ ಸಮೇತ ಕಾಣುತ್ತಿತ್ತು! ಟೆಲಿಸ್ಕೋಪ್ ಇಲ್ಲದಿದ್ದರೆ ನೋಡಿಯೇ ಬಿಡುತ್ತಿದ್ದೆವು. ಮುಂದೆ ಅವನು ಟೆರೇಸಿಗೆ ಬರಲಿಲ್ಲ. ಪೆಟ್ಟಿಗೆ ಅಟ್ಟ ಸೇರಿತು.

ಎಷ್ಟೋ ವರ್ಷದ ಮೇಲೆ ಹವ್ಯಾಸಿಗಳ ಜೊತೆ ಒಂದು ರಾತ್ರಿ ವಾಂಗಣಿಗೆ ಹೋದಾಗ ನನಗೆ ಲೆಕ್ಕ ಅರ್ಥವಾಯಿತು. ಟೆಲಿಸ್ಕೋಪಿನ ಫೋಕಲ್ ಲೆಂತನ್ನು ಐಪೀಸಿನ ಫೋಕಲ್ ಲೆಂತಿನಿಂದ ಭಾಗಿಸಿದರೆ ಎಷ್ಟು ಪಟ್ಟು ಅನ್ನೋದು ಸಿಗುತ್ತದೆ. ನನ್ನದು 700 ಮಿ.ಮೀ., ಐಪೀಸು 4 ಮಿ.ಮೀ. ಅಲ್ಲಿಗೆ 175. ಮೂರು ಪಟ್ಟು ಮಾಡುವ ಬಾರ್ಲೋ ಲೆನ್ಸ್ ಸೇರಿಸಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ ನೋಡಿ! ಆದರೆ ಮುಂದಿನ ಮಸೂರದ ಅಗಲ 60 ಮಿ.ಮೀ. ಮಾತ್ರ. ಒಂದು ಮಿಲಿಮೀಟರ್ ಅಗಲಕ್ಕೆ ಹೆಚ್ಚೆಂದರೆ ಎರಡು ಪಟ್ಟು, ಅಂದರೆ 120, ಅದರ ಮಿತಿ. ಆಮೇಲೆ ದೊಡ್ಡದು ಮಾಡಿದಷ್ಟೂ ಮಸುಕಾಗುತ್ತದೆ, ಒಂದು ಲೋಟ ಹಾಲಿಗೆ ಕೊಡ ನೀರು ಸುರಿದ ಹಾಗೆ. ಮೇಲಾಗಿ ಭೂಮಿ ತಿರುಗುತ್ತಿರುತ್ತದಲ್ಲ, 525 ಪಟ್ಟಿನಲ್ಲಿ ಗ್ರಹ ಇಪ್ಪತ್ತು ಸೆಕೆಂಡಿನೊಳಗೆ ನೋಟದಿಂದ ಜಾರಿಹೋಗುತ್ತದೆ. ಗೆಲಿಲಿಯೋ 1610ರಲ್ಲಿ ಗುರುವಿನ ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ಸಾಧನದಲ್ಲಿ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಪಟ್ಟು ನೋಡಿ ಕೊಳ್ಳಬೇಡಿ. ಅಗಲ ನೋಡಿ, ಅದಕ್ಕಿಂತ ಮೊದಲು ಸ್ಟ್ಯಾಂಡ್ ನೋಡಿ.

ಮೊದಲ ಸಾಧನವಾಗಿ ಮಗುವಿಗೆ 7x50 ಅಥವಾ 10x50 ದುರ್ಬೀನು ಸಾಕು. ಮೊದಲನೆಯದು ಎಷ್ಟು ಪಟ್ಟು, ಎರಡನೆಯದು ಮಸೂರದ ಅಗಲ. ಪ್ಯಾರಾಪೆಟ್ ಗೋಡೆಗೆ ಮೊಣಕೈ ಊರಿಕೊಂಡರೆ ಚಂದ್ರನ ಕುಳಿಗಳು, ಕೃತ್ತಿಕೆಯ ಗೊಂಚಲು, ಗುರುವಿನ ಪಕ್ಕದ ಚುಕ್ಕಿಗಳು ಎಲ್ಲಾ ಸಿಗುತ್ತವೆ. ಶನಿಯ ಬಳೆ ಮಾತ್ರ ಇದರಲ್ಲಿ ಕಾಣದು. ಮಗುವಿಗೆ ರುಚಿ ಹತ್ತದಿದ್ದರೂ ನಷ್ಟವಿಲ್ಲ, ಊರಿಗೆ ಹೋದಾಗ ಹಕ್ಕಿ ನೋಡಲು ಬರುತ್ತದೆ.

ರುಚಿ ಹತ್ತಿತೋ, ಆಗ ಡಾಬ್ಸೋನಿಯನ್ ತೆಗೆದುಕೊಳ್ಳಿ. ಅಮೆರಿಕದಲ್ಲಿ ಜಾನ್ ಡಾಬ್ಸನ್ ಎಂಬವರು ಬೀದಿ ಬದಿಯಲ್ಲಿ ಜನರಿಗೆ ಆಕಾಶ ತೋರಿಸುತ್ತಾ ಜನಪ್ರಿಯಗೊಳಿಸಿದ ಸರಳ ವಿನ್ಯಾಸ ಅದು. ನೆಲದ ಮೇಲೆ ಗಟ್ಟಿಯಾಗಿ ಕೂರುವ ಮರದ ಪೆಟ್ಟಿಗೆ, ಅದರಲ್ಲಿ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುವ ಕೊಳವೆ. ಕೊಟ್ಟ ದುಡ್ಡು ಕನ್ನಡಿಗೆ ಹೋಗುತ್ತದೆ, ಥಳುಕಿಗಲ್ಲ. 150 ಮಿ.ಮೀ. ಕನ್ನಡಿ ನನ್ನ ಹಳೇ 60ರ ಆರು ಪಟ್ಟಿಗಿಂತ ಹೆಚ್ಚು ಬೆಳಕು ಹಿಡಿಯುತ್ತದೆ. ಮೋಟಾರು, ಕಂಪ್ಯೂಟರು ಇರುವುದೂ ಇವೆ. ಆದರೆ ಅದೇ ಬೆಲೆಗೆ ಕನ್ನಡಿ ಚಿಕ್ಕದಾಗುತ್ತದೆ, ಮಗು ಆಕಾಶದ ದಾರಿ ಕಲಿಯುವುದೂ ತಪ್ಪುತ್ತದೆ.

ಉಳಿದ ಸಾಮಾನು? ಒಂದು 25 ಮಿ.ಮೀ., ಒಂದು 10 ಮಿ.ಮೀ. ಐಪೀಸ್ ಇದ್ದರೆ ವರ್ಷಗಟ್ಟಲೆ ಸಾಕು. ಕಣ್ಣಿನ ಕಡೆ ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಸೂರ್ಯನ ಫಿಲ್ಟರ್ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅದನ್ನು ಆ ದಿನವೇ ಎಸೆಯಿರಿ. ಬಿಸಿಗೆ ಅದು ಒಡೆದರೆ ಕಣ್ಣೇ ಹೋಗುತ್ತದೆ. ಸೂರ್ಯನ ಫಿಲ್ಟರ್ ಕೊಳವೆಯ ಮುಂಬಾಯಿಗೆ ಕೂರುವಂಥದ್ದೇ ಆಗಬೇಕು. ಇನ್ನು ನಮ್ಮ ಮುಂಬಯಿಯ ಮಳೆಗಾಲ! ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಏಸಿ ರೂಮಿನಿಂದ ತಂದ ಕೂಡಲೇ ಕಣ್ಣಿಟ್ಟರೆ ಬರೀ ಮಂಜು, ಅರ್ಧ ಗಂಟೆ ಹೊರಗಿಟ್ಟು ನೋಡಿ.

ಒಂದು ಮಾತು ಮಗುವಿಗೆ ಮೊದಲೇ ಹೇಳಿಡಿ: ಪೆಟ್ಟಿಗೆ ಮೇಲಿನ ಬಣ್ಣ ಕಣ್ಣಿಗೆ ಕಾಣುವುದಿಲ್ಲ. ನೀಹಾರಿಕೆ ಅಂದರೆ ಬೂದಿ ಬಣ್ಣದ ಹೊಗೆ ಅಷ್ಟೇ. ಅದೂ ನಗರದ ದೀಪದಲ್ಲಿ ಕಷ್ಟ. ಚಂದ್ರ, ಗುರು, ಶನಿಗೆ ನಮ್ಮ ಟೆರೇಸು ಸಾಕು, ಉಳಿದದ್ದಕ್ಕೆ ಊರಾಚೆ ಹೋಗಬೇಕು. ಮುಂಬಯಿಯವರಿಗೆ ಖಗೋಲ ಮಂಡಳದವರ ವಾಂಗಣಿಯ ರಾತ್ರಿಗಳಿವೆ. ಪುಣೆಯವರಿಗೆ 1944ರಲ್ಲಿ ಶುರುವಾದ ಜ್ಯೋತಿರ್ವಿದ್ಯಾ ಪರಿಸಂಸ್ಥಾ ಇದೆ. ಕೊಳ್ಳುವ ಮೊದಲು ಅಂಥ ಕಡೆ ಹೋಗಿ ಬೇರೆಯವರ ಸಾಧನದಲ್ಲಿ ಒಮ್ಮೆ ಕಣ್ಣಿಟ್ಟು ಬನ್ನಿ.

ವಾಂಗಣಿಯಿಂದ ಬಂದ ವಾರವೇ ನಾನು ಅಟ್ಟದ ಪೆಟ್ಟಿಗೆ ಇಳಿಸಿದೆ. ಬಾರ್ಲೋ ಬಿಸಾಡಿ, 20 ಮಿ.ಮೀ. ಐಪೀಸ್ ಹಾಕಿದೆ. ಬರೀ 35 ಪಟ್ಟು. ಸ್ಟ್ಯಾಂಡಿನ ಮಧ್ಯಕ್ಕೆ ಮರಳಿನ ಚೀಲ ನೇತುಹಾಕಿದೆ, ನಡುಕ ಎಷ್ಟೋ ಕಮ್ಮಿಯಾಯಿತು. ಹೆಸರುಕಾಳಿನಷ್ಟು ಶನಿ, ಸುತ್ತ ಬಳೆ! ಪಕ್ಕದಲ್ಲಿ ತೋರಿಸಲಿಕ್ಕೆ ಯಾರೂ ಇರಲಿಲ್ಲ. ಮಗ ಅಷ್ಟರಲ್ಲಿ ಹಾಸ್ಟೆಲ್ ಸೇರಿದ್ದ.

ಗೆಳೆಯರಿಗೆ ಫೋನ್ ಮಾಡಿ ಹೇಳಿದ್ದೇನೆ, ಶುಕ್ಲಪಕ್ಷದ ಅಷ್ಟಮಿಯ ಸಂಜೆ ಮೊಮ್ಮಗಳನ್ನು ಕರೆದುಕೊಂಡು ಬನ್ನಿ ಅಂತ. ಹುಣ್ಣಿಮೆಗಿಂತ ಅರ್ಧ ಚಂದ್ರನಲ್ಲೇ ಕುಳಿಗಳ ನೆರಳು ಚೆನ್ನಾಗಿ ಕಾಣುತ್ತದೆ. ದುರ್ಬೀನು ನನ್ನದೇ ಇದೆ. ಆ ಮಗು ಏನೂ ಕಾಣಲಿಲ್ಲ ಅಂದರೆ ಈ ಸಲ ನಾನು ಗದರುವುದಿಲ್ಲ, ಸಾಧನವನ್ನು ಸರಿ ಮಾಡುತ್ತೇನೆ. ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಮಲಗಿದ್ದರೆ ಇಳಿಸಿ ನೋಡಿ.