ನರ್ಸಬಾಯಿ ಡಾಕ್ಟರಳಾಗಬಹುದೇ?

ವಿದ್ಯೆಗೊಂದು ವಯಸ್ಸು, ದುಡಿಮೆಗೊಂದು ವಯಸ್ಸು ಎಂದು ಗೆರೆ ಎಳೆದು ಕುಳಿತ ಸಮಾಜ ನಮ್ಮದು. ಮೂವತ್ತು ಸಮೀಪಿಸಿದವರು ಮತ್ತೆ ಪುಸ್ತಕದ ಚೀಲ ಹೊತ್ತು ಹೊರಟರೆ ನೆರೆಹೊರೆಯವರಿಗೆ ಅದೊಂದು ವಿನೋದದ ಸಂಗತಿ. ಹೊರಟವಳು ಹೆಣ್ಣುಮಗಳಾದರೆ, "ಈ ವಯಸ್ಸಿನಾಗ ಎಂಥಾ ಸಾಲಿ, ತಂಗಿ?" ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಕೃಷ್ಣಾ ತೀರಕ್ಕೆ ಸಮೀಪದ ನಮ್ಮ ಐನಾಪುರದ ಕಡೆ ಯಾರಿಗಾದರೂ ಕಾಯಿಲೆ ಬಲಿತರೆ ಬಂಧುಗಳ ಬಾಯಿಂದ ಬರುವ ಮೊದಲ ಮಾತು "ಮಿರಜಿಗೆ ಒಯ್ಯೋಣ" ಎಂಬುದು. ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆಯನ್ನು ಆರಂಭಿಸಿದಂದಿನಿಂದ ಗಡಿಯ ಈಚೆಯ ಕನ್ನಡ ಹಳ್ಳಿಗಳಿಗೂ ಮಿರಜಿನ ದಾರಿ ರೂಢಿಯಾಗಿದೆ. ದವಾಖಾನೆಯಲ್ಲಿ ಮಲಗಿದವರ ಅನುಭವ ಎಲ್ಲ ಕಡೆಯೂ ಒಂದೇ. ಡಾಕ್ಟರು ಬಂದು ನೋಡುವುದು ಕೆಲವು ನಿಮಿಷ. ರಾತ್ರಿಯಿಡೀ ಎದ್ದು ನೋಡುವವಳು ದಾದಿ. ಜ್ವರ ಏರಿದ್ದು, ನೋವು ಮರುಕಳಿಸಿದ್ದು, ರೋಗಿ ಹೆದರಿ ಮೌನವಾದದ್ದು ಮೊದಲು ತಿಳಿಯುವುದು ಅವಳಿಗೆ. ಹೀಗೆ ಹತ್ತು ವರ್ಷ ಕಂಡವಳೊಬ್ಬಳು, "ನಾನೇ ವೈದ್ಯಳಾದರೆ?" ಎಂದು ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಕಾನೂನು ಈ ಯೋಚನೆಗೆ ಈಗ ಅಡ್ಡಬರುವುದಿಲ್ಲ. ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 25, ಮೀಸಲು ವರ್ಗದವರಿಗೆ 30 ವರ್ಷದ ಮಿತಿಯನ್ನು 2018ರಲ್ಲಿ ವಿಧಿಸಲಾಗಿತ್ತು. ಸಂಗತಿ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ 2022ರ ಮಾರ್ಚಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಆ ಗರಿಷ್ಠ ಮಿತಿಯನ್ನು ತೆಗೆದುಹಾಕಿತು. ಅದಕ್ಕೂ ಮುಂಚೆ, 2020ರಲ್ಲಿ, ಒಡಿಶಾದ ನಿವೃತ್ತ ಬ್ಯಾಂಕ್ ನೌಕರರೊಬ್ಬರು 64ನೆಯ ವಯಸ್ಸಿನಲ್ಲಿ ಎಂ.ಬಿ.ಬಿ.ಎಸ್. ತರಗತಿ ಸೇರಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು.

ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ದಾರಿ ಮೊಟಕಾಗಿದೆ ಎಂದಲ್ಲ. ದಾದಿಯಾಗಿ ಸವೆಸಿದ ವರ್ಷಗಳಿಗೆ ನಮ್ಮ ದೇಶದ ಎಂ.ಬಿ.ಬಿ.ಎಸ್.ನಲ್ಲಿ ಯಾವ ರಿಯಾಯಿತಿಯೂ ಇಲ್ಲ; ಆಕೆಯೂ ಹದಿನೇಳರ ಹುಡುಗರೊಡನೆ ಕುಳಿತು ಅಂಗರಚನಾಶಾಸ್ತ್ರದಿಂದಲೇ ಆರಂಭಿಸಬೇಕು. ಪಿ.ಯು.ಸಿ.ಯಲ್ಲಿ ಕಲಾ ವಿಷಯ ಓದಿ ಜನರಲ್ ನರ್ಸಿಂಗ್ ಮುಗಿಸಿದವಳಾದರೆ ಮೊದಲು ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ತೇರ್ಗಡೆಯಾಗಬೇಕು. ಈ ವಿಷಯಗಳನ್ನು ಆಮೇಲೆ ಹೆಚ್ಚುವರಿಯಾಗಿ ಓದಿದವರಿಗೂ ಪರೀಕ್ಷೆಗೆ ಕೂಡಲು ಆಯೋಗವು 2023ರಲ್ಲಿ ಅವಕಾಶ ಕೊಟ್ಟಿದೆ. ಪರೀಕ್ಷೆಯ 720 ಅಂಕಗಳಲ್ಲಿ ಅರ್ಧ ಜೀವಶಾಸ್ತ್ರದ್ದು. ಉಳಿದರ್ಧವನ್ನು ಭೌತ ಮತ್ತು ರಸಾಯನಗಳು ಹಂಚಿಕೊಂಡಿವೆ. ವಾರ್ಡಿನ ಅನುಭವ ಈ ಉಳಿದರ್ಧಕ್ಕೆ ಆಸರೆಯಾಗದು. ಸೀಟು ಸಿಕ್ಕಮೇಲೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅಷ್ಟು ಕಾಲ ಸಂಬಳ ನಿಲ್ಲುತ್ತದೆ; ತಮ್ಮನ ಫೀಜು, ತಾಯಿಯ ಔಷಧ, ಮನೆಬಾಡಿಗೆ ನಿಲ್ಲುವುದಿಲ್ಲ. ಇದನ್ನೆಲ್ಲ ಲೆಕ್ಕ ಹಾಕದೆ, "ನುಗ್ಗು, ಮಗಳೇ" ಎಂದು ಹುರಿದುಂಬಿಸುವುದು ಹಿತೈಷಿಗಳ ಲಕ್ಷಣವಲ್ಲ.

ಹಾಗಾದರೆ ಇಷ್ಟು ಬೆಲೆ ತೆತ್ತು ಯಾರು ಹೋಗಬೇಕು? ಇದಕ್ಕೆ ಉತ್ತರ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅವರ ಬಾಳಿನಲ್ಲಿದೆ. 1918ರಲ್ಲಿ ಹುಟ್ಟಿದ ಆಕೆ ಯುದ್ಧದ ದಿನಗಳಲ್ಲಿ ಆಕ್ಸ್‌ಫರ್ಡಿನ ಓದನ್ನು ಬಿಟ್ಟು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯ ಶಿಕ್ಷಣ ಪಡೆದರು. ಬೆನ್ನುನೋವು ಆ ಕೆಲಸದಿಂದ ಬಿಡಿಸಿತು. ರೋಗಿಗಳ ಯೋಗಕ್ಷೇಮ ನೋಡುವ ಸಮಾಜಸೇವಕಿಯಾದರು. ಸಾವಿನಂಚಿನ ರೋಗಿಗಳ ಒಂದು ಮನೆಯಲ್ಲಿ ಸಂಜೆಯ ಹೊತ್ತು ಸೇವೆಗೆ ಹೋಗುತ್ತಿದ್ದಾಗ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಅಲ್ಲಿ ನೋವು ಬಂದಮೇಲೆ ಮಾರ್ಫಿನ್ ಕೊಡುತ್ತಿರಲಿಲ್ಲ. ನೋವು ಬರುವ ಮೊದಲೇ, ಗಡಿಯಾರ ನೋಡಿ, ಹೊತ್ತುಹೊತ್ತಿಗೆ ಕೊಡುತ್ತಿದ್ದರು. ರೋಗಿಗಳು ನರಳದೆ, ಎಚ್ಚರವಾಗಿ, ತಮ್ಮವರೊಡನೆ ಮಾತಾಡುತ್ತಿದ್ದರು.

ಈ ಕ್ರಮವನ್ನು ಬೇರೆ ಆಸ್ಪತ್ರೆಗಳು ಒಪ್ಪಬೇಕಾದರೆ ದಾದಿಯ ಮಾತು ಸಾಲದು, ವೈದ್ಯರೇ ಹೇಳಬೇಕು ಎಂದು ಹಿರಿಯ ಶಸ್ತ್ರವೈದ್ಯರೊಬ್ಬರು ಅವರಿಗೆ ತಿಳಿಹೇಳಿದರು. 1951ರಲ್ಲಿ, 33ನೆಯ ವಯಸ್ಸಿನಲ್ಲಿ, ಸಾಂಡರ್ಸ್ ವೈದ್ಯಕೀಯ ಶಾಲೆ ಸೇರಿ 1957ರಲ್ಲಿ ತೇರ್ಗಡೆಯಾದರು. ಬಳಿಕ ರೋಗಿ ರೋಗಿಯ ವಿವರ ಬರೆದಿಟ್ಟು ತಾವು ಕಂಡದ್ದನ್ನು ಸ್ಥಾಪಿಸಿದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪಿಸ್ ತೆರೆದರು. ಆ ಮಾದರಿ ಲೋಕವೆಲ್ಲ ಹಬ್ಬಿತು. 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನವೂ ಅನಂತರ ಬೆಂಗಳೂರಿನ ಕರುಣಾಶ್ರಯವೂ ತಲೆಯೆತ್ತಿದ್ದು ಅದೇ ದಾರಿಯಲ್ಲಿ. ದಾದಿಯ ಕಣ್ಣು ಕಂಡದ್ದಕ್ಕೆ ವೈದ್ಯರ ಅಧಿಕಾರ ಬಲ ಕೊಟ್ಟಿತು. ಆದರೆ ಆ ಕಣ್ಣಿಲ್ಲದೆ ಅಧಿಕಾರವೊಂದೇ ಇದನ್ನು ಕಾಣುತ್ತಿತ್ತೇ?

ನಾನು ಕಲಿಸುವುದು ಕನ್ನಡ, ವೈದ್ಯವಲ್ಲ. ಆದರೂ ತರಗತಿಯಲ್ಲಿ ವಯಸ್ಸಾದ ವಿದ್ಯಾರ್ಥಿಯೊಬ್ಬರಿದ್ದರೆ ಪಾಠದ ಹದವೇ ಬದಲಾಗುವುದನ್ನು ಬಲ್ಲೆ. ಕಿರಿಯರು ಪರೀಕ್ಷೆಗೆ ಏನು ಬರುತ್ತದೆಂದು ಕೇಳುತ್ತಾರೆ; ಅವರು ಇದು ಏಕೆ ಹೀಗೆ ಎಂದು ಕೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಡಾಕ್ಟರಿಕೆಯನ್ನು ದಾದಿಯ ಕೆಲಸದ ಬಡ್ತಿಯೆಂದು ತಿಳಿಯಬಾರದು. "ಬರೇ ನರ್ಸಬಾಯಿ" ಎಂಬ ತಾತ್ಸಾರಕ್ಕೆ ನೊಂದು ಹೊರಟವಳು ಐದೂವರೆ ವರ್ಷ ಕಷ್ಟಪಟ್ಟರೂ ಆ ತಾತ್ಸಾರ ಹಿಂದುಳಿದ ಗೆಳತಿಯರ ಮೇಲೆ ಹಾಗೆಯೇ ಉಳಿಯುತ್ತದೆ. ಅದನ್ನು ತಿದ್ದಿಕೊಳ್ಳಬೇಕಾದವರು ನಾವು. ಆಕೆ ನೀಟ್ ಬರೆಯುವುದರಿಂದ ಅದು ತಿದ್ದದು. ರೋಗಿಯ ಮಂಚದ ಬಳಿ ಕಂಡದ್ದೊಂದು ಮನಸ್ಸನ್ನು ಬಿಡದೆ ಕಾಡುತ್ತಿದ್ದು, ಅದರ ಪರಿಹಾರ ವೈದ್ಯಳಾಗದೆ ತನ್ನ ಕೈಗೆ ಎಟುಕದು ಎಂದು ತೋರಿದವಳು ಮಾತ್ರ ಧೈರ್ಯವಾಗಿ ಹೊರಡಲಿ.

ವಾಚಕರ ಮನೆಗಳಲ್ಲಿ ಇಂಥ ಮಗಳೋ ಸೊಸೆಯೋ ಇದ್ದರೆ ಅವಳ ವಯಸ್ಸನ್ನು ಎಣಿಸುವ ಮುಂಚೆ, "ಯಾತಕ್ಕ ಹೊಂಟೀಯವ್ವಾ?" ಎಂದು ಒಮ್ಮೆ ಕೇಳಿರಿ. ಅವಳ ಉತ್ತರದಲ್ಲಿ ರೋಗಿಯೊಬ್ಬನ ಮುಖ ಕಂಡರೆ, ಮನೆಯ ಖರ್ಚಿನ ಲೆಕ್ಕವನ್ನು ಅವಳೊಡನೆ ಕುಳಿತು ಹಾಕಿರಿ.